ಆಯಾ ನೇಮಕ (ಭಾರತ)

ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ವೇತನ ಕೊಟ್ಟು ನೇಮಿಸಿಕೊಳ್ಳುವ ಮಹಿಳೆಯನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಆಯಾ ಎಂದು ಕರೆಯುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆಕೆ ಗೃಹ ಕಾರ್ಮಿಕಳು. ನೇಮಿಸಿಕೊಂಡ ಕುಟುಂಬವು ಉದ್ಯೋಗದಾತ. ಗೃಹ ಕಾರ್ಮಿಕರಿಗಾಗಿಯೇ ರೂಪುಗೊಂಡ ಸಮಗ್ರ ಕೇಂದ್ರ ಕಾಯ್ದೆ ಇಲ್ಲದಿರುವುದರಿಂದ ಕುಟುಂಬದ ಹೊಣೆಗಳು ಹಲವು ಕಾನೂನುಗಳಲ್ಲಿ ಚದುರಿಹೋಗಿವೆ.

ಕಾನೂನಿನ ಸ್ಥಿತಿ

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯು ಗೃಹ ಕಾರ್ಮಿಕರನ್ನು ಅಸಂಘಟಿತ ವಲಯದ ಕೂಲಿ ಕಾರ್ಮಿಕರೆಂದು ಪರಿಗಣಿಸುತ್ತದೆ. ಆದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯು ಗೃಹಸೇವೆಯನ್ನು ‘ಕೈಗಾರಿಕೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹೀಗಾಗಿ ಕಾರಣವಿಲ್ಲದೆ ಕೆಲಸದಿಂದ ತೆಗೆದರೆ ಕಾರ್ಖಾನೆಯ ಕಾರ್ಮಿಕನಿಗೆ ಇರುವ ನ್ಯಾಯಮಂಡಳಿಯ ದಾರಿ ಆಯಾಳಿಗೆ ಇಲ್ಲ.

ವೇತನ

ಕರ್ನಾಟಕವು 2004ರಲ್ಲಿ ಗೃಹ ಕಾರ್ಮಿಕರಿಗೆ ಕನಿಷ್ಠ ವೇತನವನ್ನು ಅಧಿಸೂಚಿಸಿತು. ದರವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಕಾರ್ಮಿಕ ಇಲಾಖೆಯ ಚಾಲ್ತಿ ಅಧಿಸೂಚನೆಯನ್ನು ನೋಡಿಕೊಳ್ಳಬೇಕು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿದೆ. ಕೊಟ್ಟ ಮುಂಗಡ ತೀರುವವರೆಗೆ ಕೆಲಸ ಬಿಡದಂತೆ ಕಟ್ಟಿಹಾಕುವುದಕ್ಕೆ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಅನ್ವಯಿಸುತ್ತದೆ.

ವಯಸ್ಸು ಮತ್ತು ಸುರಕ್ಷತೆ

14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯ ಬಳಿಕ ಇದಕ್ಕೆ 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ ಅಥವಾ 20,000ದಿಂದ 50,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ‘ಮಗುವಿನೊಡನೆ ಆಡಿಕೊಂಡಿರಲು’ ಬಡ ಸಂಬಂಧಿಕರ ಹುಡುಗಿಯನ್ನು ಕರೆತಂದು ಕೆಲಸಕ್ಕಿಟ್ಟುಕೊಳ್ಳುವವರು ಈ ನಿಷೇಧವನ್ನು ನೆನಪಿಡಬೇಕು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ಮನೆಯನ್ನೂ ಕೆಲಸದ ಸ್ಥಳವೆಂದು ಗುರುತಿಸುತ್ತದೆ. ಆಯಾ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ಸತ್ಯಾಂಶ ಕಂಡುಬಂದರೆ ಸಮಿತಿಯು 7 ದಿನಗಳೊಳಗೆ ಅದನ್ನು ಪೊಲೀಸರಿಗೆ ಕಳುಹಿಸಬೇಕು.

ಸಾಮಾಜಿಕ ಭದ್ರತೆ

2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ಜಾಲತಾಣದಲ್ಲಿ ಗೃಹ ಕಾರ್ಮಿಕರು ಹೆಸರು ನೋಂದಾಯಿಸಬಹುದು. ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಯೋಜನೆಗಳಲ್ಲೂ ಅವರಿಗೆ ಸ್ಥಾನವಿದೆ. ನೋಂದಣಿಗೆ ನೆರವಾಗುವುದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ 20 ರೂಪಾಯಿ ಕಂತನ್ನು ಭರಿಸುವುದು ಕುಟುಂಬಕ್ಕೆ ಭಾರವಾಗದ ಕ್ರಮಗಳು. ಈ ವಿಮೆಯು ಅಪಘಾತದಲ್ಲಿ ಮರಣ ಸಂಭವಿಸಿದರೆ 2 ಲಕ್ಷ ರೂಪಾಯಿ ಪರಿಹಾರ ನೀಡುತ್ತದೆ.

ಪ್ರಾಯೋಗಿಕ ಹೊಣೆಗಳು

ಕಾನೂನು ಸ್ಪಷ್ಟವಾಗಿ ಹೇಳದಿರುವುದನ್ನು ಉಭಯತರರ ಒಪ್ಪಂದವೇ ತುಂಬಬೇಕಾಗುತ್ತದೆ. ಅದು ಆಯಾ ಬಲ್ಲ ಭಾಷೆಯಲ್ಲಿ, ಒಂದೇ ಪುಟದಲ್ಲಿದ್ದರೂ ಸಾಕು. ಅದರಲ್ಲಿ ಇರಬೇಕಾದ ಮುಖ್ಯ ಅಂಶಗಳು:

* ಕೆಲಸದ ವೇಳೆ, ವಾರದ ರಜೆ, ಹಬ್ಬದ ರಜೆ, ಸಂಬಳದ ದಿನ.
* ಕೆಲಸದ ಮಿತಿ: ಮಗುವಿನ ಆರೈಕೆಯಷ್ಟೇ ಅಥವಾ ಅಡುಗೆ, ಪಾತ್ರೆ, ಬಟ್ಟೆಯೂ ಸೇರಿದೆಯೇ ಎಂಬುದು.
* ರಾತ್ರಿ ಉಳಿಯುವವರಿಗೆ ಊಟ, ನಿದ್ರೆಯ ಅವಧಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ.
* ಕೆಲಸ ಬಿಡಲು ಅಥವಾ ಬಿಡಿಸಲು ಎರಡೂ ಕಡೆಯವರು ನೀಡಬೇಕಾದ ಮುನ್ಸೂಚನೆ.

ಪೊಲೀಸ್ ಪರಿಶೀಲನೆಗೆ ಗುರುತಿನ ಚೀಟಿಯ ಪ್ರತಿ ಸಾಕು. ಮೂಲ ದಾಖಲೆಯನ್ನು ಇಟ್ಟುಕೊಳ್ಳುವುದು ಸಲ್ಲದು. ಮನೆಯಲ್ಲಿ ಕ್ಯಾಮೆರಾ ಇದ್ದರೆ ಮೊದಲೇ ತಿಳಿಸಬೇಕು. ಮಗುವಿನ ವೈದ್ಯರ ದೂರವಾಣಿ ಸಂಖ್ಯೆ, ಕೊಡಬಹುದಾದ ಔಷಧ, ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬುದನ್ನು ಬರೆದಿಡಬೇಕು. ಅನಾರೋಗ್ಯಕ್ಕೆ ಸಂಬಳಸಹಿತ ರಜೆ ನೀಡುವುದು ಮಗುವಿನ ಹಿತಕ್ಕೂ ಅಗತ್ಯ. ಸಂಬಳ ಕಡಿತದ ಭಯವಿದ್ದರೆ ಆಯಾ ಜ್ವರವನ್ನು ಮುಚ್ಚಿಟ್ಟು ಕೂಸನ್ನು ಎತ್ತಿಕೊಳ್ಳುವ ಸಂಭವವಿರುತ್ತದೆ.

ಇತ್ತೀಚಿನ ಬೆಳವಣಿಗೆಗಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಗೃಹ ಕಾರ್ಮಿಕರ ಕುರಿತ 189ನೇ ಒಡಂಬಡಿಕೆಯನ್ನು 2011ರಲ್ಲಿ ಅಂಗೀಕರಿಸಿತು. ಭಾರತ ಅದರ ಪರವಾಗಿ ಮತ ಹಾಕಿದರೂ ಸ್ಥಿರೀಕರಿಸಿಲ್ಲ. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗೃಹ ಕಾರ್ಮಿಕರ ರಕ್ಷಣೆಗೆ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಅದೇ ವರ್ಷ ಕರ್ನಾಟಕ ಸರ್ಕಾರವು ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಸಂಬಂಧಿಸಿದ ಕರಡು ಮಸೂದೆಯನ್ನು ಪ್ರಕಟಿಸಿತು.