ಕ್ಯಾಶ್ ಅಂದ್ರೆ ರೊಕ್ಕ ಅಲ್ಲ, ಹಗೇವು

ಮೊನ್ನೆ ಮಾಜಿವಾಡಾದ ನಮ್ಮ ಫ್ಲ್ಯಾಟಿನಲ್ಲಿ ಕೂತು ಆಫೀಸ್ ಕಾಲ್‌ನಲ್ಲಿ "ಮೊದಲು ಕ್ಯಾಶ್ ಕ್ಲಿಯರ್ ಮಾಡ್ರಿ" ಅಂತ ಹೇಳ್ತಿದ್ದೆ. ಗದಗ ಕಡೆಯ ಊರಿಂದ ಬಂದಿದ್ದ ಅವ್ವ ಗಾಬರಿಯಾಗಿ, "ಯಾರ ರೊಕ್ಕ ಖಾಲಿ ಮಾಡಾಕ್ಹತ್ತೀಯೋ?" ಅಂದಳು.

ರೊಕ್ಕದ ಕ್ಯಾಶ್ ಬೇರೆ, ಕಂಪ್ಯೂಟರಿನ ಕ್ಯಾಶ್ ಬೇರೆ. ಉಚ್ಚಾರ ಮಾತ್ರ ಒಂದೇ. ಕಂಪ್ಯೂಟರಿನದು ಫ್ರೆಂಚ್‌ನಿಂದ ಬಂದದ್ದು. ಅಲ್ಲಿ 'ಕಾಶೆ' ಅಂದ್ರೆ ಬಚ್ಚಿಡು. ಉತ್ತರ ಅಮೆರಿಕದ ಕಾಡಿನಲ್ಲಿ ತುಪ್ಪಳದ ವ್ಯಾಪಾರಕ್ಕೆ ಅಲೆಯುತ್ತಿದ್ದ ಫ್ರೆಂಚ್ ಮಾತಾಡುವವರು ಸಾಮಾನು ಹೂಳಿಡುವ ಗುಂಡಿಗೆ ಈ ಹೆಸರಿಟ್ಟರು. 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಮಿಸೌರಿ ನದಿಯ ಹತ್ತಿರ ಇಂಥ ಗುಂಡಿ ತೋಡಿತು. ಮರುವರ್ಷ ತೆಗೆದಾಗ ಒಂದರಲ್ಲಿ ನೀರು ಹೊಕ್ಕು, ಸಂಗ್ರಹಿಸಿದ್ದ ಗಿಡಗಳ ಮಾದರಿಗಳೆಲ್ಲ ಹಾಳಾಗಿದ್ದವು.

ಇದನ್ನು ಕೇಳಿದ ಅವ್ವ, "ಹಂಗಾದ್ರ ಅದು ನಮ್ಮ ಹಗೇವು ಅಲ್ಲೇನು?" ಅಂದಳು.

ಹೌದಲ್ಲ! ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು. ಮೇಲೆ ನಿಂತವನಿಗೆ ಕಾಣೋದು ಬರೀ ನೆಲ. ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತೆ. ಇದಕ್ಕೂ ನೀರೇ ವೈರಿ.

ಕಂಪ್ಯೂಟರಿಗೆ ಈ ಪದ ಬಂದದ್ದು ತಡವಾಗಿ. 1965ರಲ್ಲಿ ಮಾರಿಸ್ ವಿಲ್ಕ್ಸ್ ಇದೇ ಕಲ್ಪನೆಯನ್ನು 'ಸ್ಲೇವ್ ಮೆಮೊರಿ' ಅಂತ ಕರೆದಿದ್ದರು. 1968ರಲ್ಲಿ ಐಬಿಎಂನ ಸಿಸ್ಟಂ/360 ಮಾಡೆಲ್ 85 ಬಗ್ಗೆ ಬಂದ ಲೇಖನದಿಂದ 'ಕ್ಯಾಶ್' ನಿಂತಿತು. ಪ್ರೋಗ್ರಾಂ ಬರೆಯುವವನ ಕಣ್ಣಿಗೆ ಅದು ಬೀಳೋದಿಲ್ಲ, ಆದರೆ ಪ್ರೊಸೆಸರಿನ ಕೈಗೆ ಹತ್ತಿರ ಇರುತ್ತೆ. ಬಚ್ಚಿಡೋದು ಅನ್ನೋ ಅರ್ಥದ ಜೊತೆ 'ಬೇಕಾದಾಗ ಸಿಗಲಿ' ಅನ್ನೋದೂ ಸೇರಿಕೊಂಡಿತು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಾವು ದಿನಾ ಅಳಿಸುವ ಬ್ರೌಸರ್ ಕ್ಯಾಶ್‌ನಲ್ಲಿ ಇರೋದು ನಕಲು. ಅಳಿಸಿದರೆ ಪೇಜ್ ಸ್ವಲ್ಪ ನಿಧಾನ ಆಗುತ್ತೆ ಅಷ್ಟೇ, ಅಸಲು ಸರ್ವರಿನಲ್ಲಿ ಇದ್ದೇ ಇರುತ್ತೆ. ಹಗೇವಿನಲ್ಲಿ ಇರ್ತಿದ್ದದ್ದು ಅಸಲು. ಅದು ಖಾಲಿಯಾದರೆ ಬರಗಾಲದಲ್ಲಿ ಮನೆಯೇ ಉಪವಾಸ.

"ನಮ್ಮನಿ ಹಗೇವು ಈಗೇನಾಗೇತಿ?" ಅಂತ ಕೇಳಿದೆ. ಮಣ್ಣು ತುಂಬಿ ಮೇಲೆ ಫರಸಿ ಹಾಕ್ಯಾರ ಅಂದಳು. ಏರೋಲಿ ಕಡೆ ದಿನಾ ಆಫೀಸಿಗೆ ಓಡುವ ನಾವು, ಊರಿನ ಮಾತು ಊರಲ್ಲಿ ಹೇಗೂ ಇರುತ್ತೆ ಅಂದ್ಕೊಂಡಿರ್ತೀವಿ, ಸರ್ವರಿನಲ್ಲಿ ಇದ್ದ ಹಾಗೆ. ಅಲ್ಲೂ ಫರಸಿ ಬಿದ್ದಿದ್ದರೆ?

ಆ ರಾತ್ರಿ ಮಗಳಿಗೆ ಹಗೇವಿನ ಚಿತ್ರ ಬರೆದು ತೋರಿಸಿದೆ. ನೀವೂ ನಿಮ್ಮನೆ ಹಿರಿಯರನ್ನ ಒಮ್ಮೆ ಕೇಳಿ ನೋಡ್ರಿ.