ಕೋರಂಟಿ

ಜ್ವರ ವಾರ ಕಳೆದರೂ ಬಿಡದಿದ್ದರೆ, ಬೀದಿನಾಯಿ ಕಚ್ಚಿದರೆ, ಹೈದರಾಬಾದಿನ ಕುಷಾಯಿಗೂಡದ ಹಳಬರು ಈಗಲೂ ಕೊಡುವ ಸಲಹೆ ಒಂದೇ: ‘ಕೋರಂಟಿಗೆ ಹೋಗಿ ತೋರಿಸ್ರಿ’. ಅವರು ಹೇಳುವುದು ನಲ್ಲಕುಂಟದ ಫೀವರ್ ಆಸ್ಪತ್ರೆಯನ್ನು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಸರ್ ರೊನಾಲ್ಡ್ ರಾಸ್ ಹೆಸರಿದೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲೇ ಕಂಡುಹಿಡಿದ ರಾಸ್‌ಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಜನರ ಬಾಯಲ್ಲಿ ಉಳಿದದ್ದು ಆಸ್ಪತ್ರೆಯ ಮೊದಲ ಕೆಲಸ. ನಿಜಾಮರ ಕಾಲದಲ್ಲಿ ಅದು ಶುರುವಾದದ್ದು ಅಂಟುರೋಗಿಗಳನ್ನು ಊರಿನಿಂದ ದೂರ ಇಡುವ ಕ್ವಾರಂಟೈನ್ ಆಸ್ಪತ್ರೆಯಾಗಿ. ಆ ಕ್ವಾರಂಟೈನೇ ನಾಲಿಗೆಯಿಂದ ನಾಲಿಗೆಗೆ ದಾಟುತ್ತ ಕೋರಂಟಿಯಾಯಿತು. ನಮ್ಮ ಕಲಬುರಗಿ, ಬೀದರ್ ಕಡೆಯವರ ಬಾಯಿಗೆ ಬಿದ್ದರೆ ಕೋರಂಟಿ ದವಾಖಾನಿ. ಗೋರಂಟಿ ಗಿಡದ ಪಕ್ಕದಲ್ಲಿ ನಿಲ್ಲಿಸಿದರೆ ಇದು ಹೊರಗಿನಿಂದ ಬಂದ ಪದವೆಂದು ಯಾರೂ ಹೇಳಲಾರರು.

ಇದರ ತವರು ಸಮುದ್ರ. ಏಡ್ರಿಯಾಟಿಕ್ ತೀರದ ರಗುಸಾ ಪಟ್ಟಣ 1377ರಲ್ಲಿ ಪ್ಲೇಗಿನ ಊರುಗಳಿಂದ ಬಂದವರು ಮೂವತ್ತು ದಿನ ಹೊರಗೇ ಇರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಮೂವತ್ತು ನಲವತ್ತಾಯಿತು. ಇಟಲಿಯವರ ನಲವತ್ತರ ಎಣಿಕೆಯೇ ಕ್ವಾರಂಟೈನ್ ಎಂಬ ಪದವಾಯಿತು. ಕಾಯಿಸಲು ಆರಿಸಿಕೊಂಡ ಜಾಗಗಳಲ್ಲಿ ದ್ವೀಪಗಳೇ ಹೆಚ್ಚು, ಯಾಕೆಂದರೆ ಅಲ್ಲಿ ಗೋಡೆಯ ಖರ್ಚಿಲ್ಲ, ಸುತ್ತಲಿನ ನೀರೇ ಕಾವಲು. ವೆನಿಸ್ 1423ರಲ್ಲಿ ತನ್ನ ಕೊಲ್ಲಿಯ ಒಂದು ನಡುಗಡ್ಡೆಯನ್ನು ಪ್ಲೇಗು ರೋಗಿಗಳಿಗೆಂದೇ ಬಿಟ್ಟುಕೊಟ್ಟಿತು.

ಅದೇ ಏರ್ಪಾಡು ಬ್ರಿಟಿಷರ ಹಡಗುಗಳ ಜೊತೆ ನಮ್ಮ ಕಡೆಯ ಕಡಲಿಗೂ ಬಂತು. ಸಿಂಗಪುರದ ದಕ್ಷಿಣಕ್ಕಿರುವ ಸೇಂಟ್ ಜಾನ್ಸ್ ದ್ವೀಪದಲ್ಲಿ 1874ರಲ್ಲಿ ಕ್ವಾರಂಟೈನ್ ಠಾಣೆ ತೆರೆಯಿತು. ಅದರ ಹಿಂದಿನ ವರ್ಷ ಸಿಂಗಪುರವನ್ನು ಕಾಲರಾ ಕಾಡಿತ್ತು. ಕೂಲಿಗೆಂದು ಬಂದವರು, ಮೆಕ್ಕಾದಿಂದ ಮರಳುವ ಹಜ್ ಯಾತ್ರಿಕರು ಅಲ್ಲಿ ಇಳಿದು ದಿನ ಎಣಿಸಬೇಕಿತ್ತು. ಮುಂದೆ ಅದೇ ದ್ವೀಪ ರಾಜಕೀಯ ಬಂದಿಗಳನ್ನು, ಅಫೀಮು ಚಟದವರನ್ನು ಇಡುವ ಜಾಗವೂ ಆಯಿತು. ಒಮ್ಮೆ ‘ದೂರ ಇಡುವ ಜಾಗ’ ಎಂದು ಹೆಸರು ಬಿದ್ದರೆ ಆಳುವವರು ಅದನ್ನು ರೋಗಕ್ಕಷ್ಟೇ ಬಳಸಿ ಸುಮ್ಮನಾಗುವುದಿಲ್ಲ. ಈ ದ್ವೀಪದ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಇದೇ. ಇವತ್ತು ಅಲ್ಲಿಗೆ ಫೆರಿ ಹಿಡಿದು ರಜೆ ಕಳೆಯಲು ಹೋಗುತ್ತಾರೆ. ದೊಡ್ಡ ಮರಗಳ ನೆರಳಲ್ಲಿ ನಡೆದು ಒಂದು ಕಿರುಸೇತುವೆ ದಾಟಿದರೆ ಪಕ್ಕದ ದ್ವೀಪ ಸಿಗುತ್ತದೆ. ಅದರ ಹೆಸರು ಲಾಜರಸ್: ಬೈಬಲ್ಲಿನ ಕಥೆಯಲ್ಲಿ ಸಿರಿವಂತನ ಬಾಗಿಲಲ್ಲಿ ಮೈತುಂಬ ಹುಣ್ಣು ಹೊತ್ತು ಬಿದ್ದಿದ್ದ ಬಡವನ ಹೆಸರೂ ಅದೇ.

2020ರಲ್ಲಿ ಕೋವಿಡ್ ಜೊತೆ ಈ ಪದ ಎರಡನೇ ಸಲ ನಮ್ಮ ಮನೆಗಳಿಗೆ ನುಗ್ಗಿತು, ಈ ಬಾರಿ ಕ್ವಾರಂಟೈನ್ ಎಂಬ ಪೂರ್ತಿ ಉಡುಪಿನಲ್ಲಿ. ಕರ್ನಾಟಕದಲ್ಲಿ ಅದನ್ನು ಜನರ ಕೈ ಮೇಲೆ ಅಳಿಸದ ಶಾಯಿಯಲ್ಲಿ ಒತ್ತಿದರು. ಮಹಾರಾಷ್ಟ್ರದಿಂದ ಮರಳಿದ ಕಲಬುರಗಿ, ಯಾದಗಿರಿಯ ಕೂಲಿಗಳನ್ನು ಶಾಲೆ, ಹಾಸ್ಟೆಲುಗಳಲ್ಲಿ ಇಟ್ಟರು. ನಲವತ್ತರ ಲೆಕ್ಕ ಯಾವತ್ತೋ ಹೋಗಿ ಹದಿನಾಲ್ಕಕ್ಕೆ ಇಳಿದಿತ್ತು. ಆದರೆ ಮಕ್ಕಳನ್ನು ಕಟ್ಟಿಕೊಂಡು ತರಗತಿಯ ನೆಲದ ಮೇಲೆ ಮಲಗಿದವರಿಗೆ ಬೇಕಿದ್ದದ್ದು ಊಟ ಎಷ್ಟೊತ್ತಿಗೆ ಬರುತ್ತದೆ, ಮನೆಗೆ ಯಾವತ್ತು ಬಿಡುತ್ತಾರೆ ಎಂಬ ಎರಡು ಉತ್ತರ. ಕ್ವಾರಂಟೈನ್ ಎಂಬ ಮಾತಿನಲ್ಲಿ ಅವೆರಡೂ ಇರಲಿಲ್ಲ.

ಅದಕ್ಕೇ ನನಗೆ ಕೋರಂಟಿ ಹೆಚ್ಚು ಇಷ್ಟ. ಹುಟ್ಟಿದಾಗ ಅದೂ ಹೆದರಿಸುವ ಮಾತೇ. ಪ್ಲೇಗು, ಕಾಲರಾ, ಸಿಡುಬಿನ ಕಾಲದಲ್ಲಿ ಅಲ್ಲಿಗೆ ಹೋಗುವುದೆಂದರೆ ಮನೆಯವರಿಂದ ಅಗಲುವುದು. ನೂರು ವರ್ಷದ ಬಳಕೆ ಆ ಅರ್ಥವನ್ನು ತಿರುಗಿಸಿಬಿಟ್ಟಿದೆ. ಮಳೆಗಾಲದಲ್ಲಿ ಡೆಂಗಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಪಿ ಚೀಟಿಗೆ ಸಾಲು ನಿಂತ ತಾಯಿ ಆ ಹೆಸರು ಹೇಳುವುದು ದುಡ್ಡಿಲ್ಲದಿದ್ದರೂ ನೋಡುತ್ತಾರೆ ಎಂಬ ನಂಬಿಕೆಯಿಂದ. ಬೇರೆ ಮಾಡಿ ಇಡುವ ಪದ ಈ ಊರಲ್ಲಿ ಒಳಗೆ ಕರೆದುಕೊಳ್ಳುವ ಪದವಾಗಿದೆ. ಬೋರ್ಡಿನ ಮೇಲೆ, ರಾಸ್ ಹೆಸರಿನ ಕೆಳಗೆ, ಅದನ್ನೂ ಒಂದು ಸಾಲಾಗಿ ಬರೆಸಬೇಕು ಎಂಬುದು ನನ್ನ ಆಸೆ.