ನ್ಯಾಯಾಲಯದಿಂದ ವಿಧಾನಸೌಧಕ್ಕೆ: ಕೆಂಗಲ್ ಹನುಮಂತಯ್ಯನವರ ರಾಜಕೀಯ ಜೀವನ

ಸ್ವಾತಂತ್ರ್ಯಾನಂತರದ ಮೊದಲ ಒಂದೂವರೆ ದಶಕದಲ್ಲಿ ಮೈಸೂರು ರಾಜ್ಯದ ಚುಕ್ಕಾಣಿ ಹಿಡಿದವರನ್ನು ಸಾಲಾಗಿ ನೆನೆದರೆ ಒಂದು ಸಮಾನ ಅಂಶ ಎದ್ದು ಕಾಣುತ್ತದೆ. ಕೆ. ಚೆಂಗಲರಾಯ ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳು ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ ಇವರೆಲ್ಲರೂ ಕಾನೂನು ಓದಿದವರು. ವಕೀಲಿ ವೃತ್ತಿ ಅಂದಿನ ವಿದ್ಯಾವಂತನಿಗೆ ಸರ್ಕಾರಿ ನೌಕರಿಯ ಹಂಗಿಲ್ಲದ ಬದುಕನ್ನು ಕೊಟ್ಟಿತು. ಸಾರ್ವಜನಿಕವಾಗಿ ಮಾತನಾಡುವ ಧೈರ್ಯವನ್ನೂ ಹಳ್ಳಿಗಾಡಿನ ಕಕ್ಷಿಗಾರರ ಒಡನಾಟವನ್ನೂ ಕೊಟ್ಟಿತು. ಈ ಸಾಲಿನಲ್ಲಿ ಕೆಂಗಲ್ ಹನುಮಂತಯ್ಯನವರ ಜೀವನ ವಿಶೇಷ ಪರಾಮರ್ಶೆಗೆ ಅರ್ಹವಾದುದು. ಕನ್ನಡನಾಡಿನ ಏಕೀಕರಣದ ಪ್ರಶ್ನೆಯಲ್ಲಿ ಅವರು ಹಿಡಿದ ಪಕ್ಷ ಗೆದ್ದಿತು. ಅದೇ ಹೊತ್ತಿಗೆ ಅವರು ಕುಳಿತಿದ್ದ ಪೀಠ ಕೈತಪ್ಪಿತು. ಇವೆರಡೂ ಹೇಗೆ ಒಟ್ಟಿಗೆ ಸಂಭವಿಸಿದವು ಎಂಬುದನ್ನು ಅರಿಯದೆ 1956ರ ಕರ್ನಾಟಕದ ಚರಿತ್ರೆ ಪೂರ್ಣವಾಗುವುದಿಲ್ಲ.

ಹನುಮಂತಯ್ಯನವರು 1908ರಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲಿಗ ಮನೆತನದಲ್ಲಿ ಜನಿಸಿದರು. ರಾಮನಗರ ಮತ್ತು ಚನ್ನಪಟ್ಟಣಗಳ ನಡುವಿನ ಕೆಂಗಲ್ ಆಂಜನೇಯನ ಕ್ಷೇತ್ರ ಅವರ ಹೆಸರಿನೊಡನೆ ಶಾಶ್ವತವಾಗಿ ಸೇರಿಕೊಂಡಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿ ಸಂಘದ ಮತ್ತು ಕರ್ನಾಟಕ ಸಂಘದ ಕಾರ್ಯದರ್ಶಿಯಾಗಿದ್ದರು. ಕನ್ನಡದ ಹೊಸ ಸಾಹಿತ್ಯ ಅರಳುತ್ತಿದ್ದ ಆ ದಿನಗಳ ಮೈಸೂರು ಅವರ ಅಭಿರುಚಿಯನ್ನು ರೂಪಿಸಿತು. 1930ರಲ್ಲಿ ಪದವಿ ಪಡೆದು, ಪುಣೆಯ ಕಾನೂನು ಕಾಲೇಜಿನಲ್ಲಿ 1932ರಲ್ಲಿ ಕಾನೂನು ಪದವಿ ಗಳಿಸಿ, ಬೆಂಗಳೂರಿನಲ್ಲಿ ವಕೀಲಿ ಆರಂಭಿಸಿದರು.

ವೃತ್ತಿ ನೆಲೆಗೊಳ್ಳುವ ಮೊದಲೇ ಚಳವಳಿ ಅವರನ್ನು ಸೆಳೆದುಕೊಂಡಿತು. ದೇಶೀಯ ಸಂಸ್ಥಾನವಾದ ಮೈಸೂರಿನಲ್ಲಿ ಹೋರಾಟದ ಸ್ವರೂಪ ಬ್ರಿಟಿಷ್ ಪ್ರಾಂತಗಳಿಗಿಂತ ಭಿನ್ನವಾಗಿತ್ತು. ಇಲ್ಲಿ ಅರಸರ ಬಗ್ಗೆ ಜನರಿಗೆ ಗೌರವವಿತ್ತು. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ನಡೆದುಬಂದಿತ್ತು. ಆದರೆ ಆ ಸಭೆಗೆ ಅಹವಾಲು ಹೇಳಿಕೊಳ್ಳುವ ಹಕ್ಕಿತ್ತೇ ಹೊರತು ಸರ್ಕಾರವನ್ನು ಇಳಿಸುವ ಅಧಿಕಾರವಿರಲಿಲ್ಲ. ಆದುದರಿಂದ ಮೈಸೂರು ಕಾಂಗ್ರೆಸ್ಸಿನ ಬೇಡಿಕೆ ‘ಜವಾಬ್ದಾರಿ ಸರ್ಕಾರ’ ಎಂಬ ಒಂದು ಪದದಲ್ಲಿ ಅಡಕವಾಗಿತ್ತು. ಅದು ಸಂವಿಧಾನಶಾಸ್ತ್ರದಿಂದ ಬಂದ ಪದ. 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರು ಈ ಬೇಡಿಕೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ಹನುಮಂತಯ್ಯನವರು ಹಲವು ಬಾರಿ ಸೆರೆಮನೆ ಕಂಡರು. ಹೊರಗಿದ್ದಾಗ ಪ್ರಜಾಪ್ರತಿನಿಧಿ ಸಭೆಯಲ್ಲಿ ಕಾಂಗ್ರೆಸ್ ಪಕ್ಷದ ಮುಂದಾಳಾಗಿ ದಿವಾನರ ಆಡಳಿತವನ್ನು ಪ್ರಶ್ನಿಸಿದರು. 1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರ್ 24ರಂದು ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪನೆಯಾಯಿತು.

ಆ ಸರ್ಕಾರದ ಮುಖ್ಯಸ್ಥಾನ ಹನುಮಂತಯ್ಯನವರಿಗೆ ದೊರೆಯಲಿಲ್ಲ. ದೊರೆತದ್ದು ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯತ್ವ. ಅಲ್ಲಿ 1949ರ ನವೆಂಬರಿನಲ್ಲಿ, ಸಂವಿಧಾನದ ಕರಡು ಅಂಗೀಕಾರಕ್ಕೆ ಬಂದ ಹೊತ್ತಿನಲ್ಲಿ ಅವರು ಆಡಿದ ಒಂದು ಮಾತು ಇಂದಿಗೂ ಸಂವಿಧಾನದ ಚರಿತ್ರಕಾರರ ಗಮನದಲ್ಲಿದೆ. ತಾವು ಬಯಸಿದ್ದು ವೀಣೆ ಅಥವಾ ಸಿತಾರಿನ ನಾದ, ಕೇಳಿಬಂದದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬರ್ಥದ ಮಾತು ಅದು. ಕರಡು ತಯಾರಿಸಿದವರು ಮಹಾವಿದ್ವಾಂಸರೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಸ್ವಾತಂತ್ರ್ಯದ ಹೋರಾಟ ಎತ್ತಿಹಿಡಿದ ಆದರ್ಶಗಳು ಆ ಕರಡಿನ ವಾಕ್ಯಗಳೊಳಗೆ ಇಳಿದಿಲ್ಲವೆಂಬುದು ಅವರ ಆಕ್ಷೇಪವಾಗಿತ್ತು. ಈ ಆಕ್ಷೇಪವನ್ನು ಕೇವಲ ವಾಗ್ವೈಭವವೆಂದು ತಳ್ಳಿಹಾಕಲಾಗದು. ಮುಂದೆ ಅಧಿಕಾರ ಕೈಗೆ ಬಂದಾಗ ಅವರು ಮಾಡಿದ ಕೆಲಸಗಳ ಬೀಜ ಇಲ್ಲಿಯೇ ಇದೆ.

ಮೈಸೂರು ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಅವರು ರೆಡ್ಡಿಯವರ ಮಂತ್ರಿಮಂಡಲದೊಡನೆ ಭಿನ್ನಾಭಿಪ್ರಾಯ ತಳೆದರು. ಪಕ್ಷ ದೊಡ್ಡದೋ ಸರ್ಕಾರ ದೊಡ್ಡದೋ ಎಂಬ ಜಿಜ್ಞಾಸೆ ಆ ಕಾಲದಲ್ಲಿ ದೇಶದ ಹಲವು ಪ್ರಾಂತಗಳಲ್ಲಿ ಎದ್ದಿತ್ತು. ಮೈಸೂರಿನಲ್ಲಿ ಅದು ವ್ಯಕ್ತಿಗಳ ಪೈಪೋಟಿಯ ರೂಪ ತಾಳಿತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74ನ್ನು ಗಳಿಸಿತು. ಮಾರ್ಚ್ 30ರಂದು ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ಪಕ್ಷದೊಳಗಿನ ಭಿನ್ನಮತದ ಬಲದಿಂದ ಮೇಲೇರಿದ ನಾಯಕನಿಗೆ ಅದೇ ಭಿನ್ನಮತ ಮುಂದೊಂದು ದಿನ ಎದುರಾಗುವುದು ಅನಿರೀಕ್ಷಿತವೇನಲ್ಲ.

ಅವರ ಆಡಳಿತದ ನಾಲ್ಕೂವರೆ ವರ್ಷಗಳಲ್ಲಿ ಕಾನೂನಿನ ಮೂಲಕ ಸಮಾಜವನ್ನು ತಿದ್ದುವ ಯತ್ನಗಳು ಸ್ಪಷ್ಟವಾಗಿ ಕಾಣುತ್ತವೆ. ಇನಾಂ ಭೂಮಿಗಳನ್ನು ರದ್ದುಪಡಿಸುವ ಶಾಸನಗಳು 1954 ಮತ್ತು 1955ರಲ್ಲಿ ಬಂದವು. ಅರಸರು ದತ್ತಿ ಕೊಟ್ಟ ಹಳ್ಳಿಗಳಲ್ಲಿ ಇನಾಂದಾರನಿಗೆ ಗೇಣಿ ತೆರುತ್ತಿದ್ದ ಒಕ್ಕಲು ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಸ್ಥಿತಿಗೆ ಬರಲು ಈ ಶಾಸನಗಳು ದಾರಿ ತೆರೆದವು. ಈ ಕಾರ್ಯದಲ್ಲಿ ಕಂದಾಯ ಮಂತ್ರಿ ಕಡಿದಾಳು ಮಂಜಪ್ಪನವರ ಪಾಲು ದೊಡ್ಡದು. ಮಲೆನಾಡಿನ ಗೇಣಿದಾರರ ಕಷ್ಟವನ್ನು ಸ್ವತಃ ಕಂಡಿದ್ದ ಮಂಜಪ್ಪನವರೂ ವಕೀಲರೇ.

ಸಾಹಿತ್ಯದ ವಿದ್ಯಾರ್ಥಿಗಳು ಕೆಂಗಲ್ ಅವರನ್ನು ನೆನೆಯಬೇಕಾದ ಕಾರಣ ಮತ್ತೊಂದಿದೆ. ಸಾಹಿತ್ಯ ಮತ್ತು ಸಂಸ್ಕೃತಿಯ ಪೋಷಣೆ ಅರಸರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಜನತಾ ಸರ್ಕಾರದ ಕರ್ತವ್ಯ ಎಂಬ ತತ್ತ್ವವನ್ನು ಅವರು ಆಡಳಿತದೊಳಗೆ ತಂದರು. ಇಂದಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲ ಅವರ ಕಾಲದಲ್ಲಿದೆ. ಅವರ ಆಸಕ್ತಿಯಿಂದ ಮೊಳೆತ ಯೋಜನೆಯ ಫಲವಾಗಿ ಕುಮಾರವ್ಯಾಸನ ಭಾರತ ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ಸಿದ್ಧವಾಗಿ 1958ರಲ್ಲಿ ಸರ್ಕಾರದಿಂದ ಪ್ರಕಟವಾಯಿತು. ಹತ್ತು ಪರ್ವಗಳ ಆ ಬೃಹದ್ಗ್ರಂಥದ ಬೆಲೆ ಎರಡು ರೂಪಾಯಿ. ಗಮಕಿಗಳ ಕಂಠದಲ್ಲಿ, ಅಲ್ಲೊಂದು ಇಲ್ಲೊಂದು ಮನೆಯ ಅಟ್ಟದಲ್ಲಿ ಉಳಿದಿದ್ದ ಕಾವ್ಯ ಸಾಮಾನ್ಯ ಶಾಲಾ ಉಪಾಧ್ಯಾಯನ ಕೈಗೆಟುಕಿತು. ಗದುಗಿನ ಕವಿಯ ಕಾವ್ಯವನ್ನು ಬೆಂಗಳೂರಿನ ಸರ್ಕಾರ ತನ್ನದೆಂದು ಅಚ್ಚುಹಾಕಿಸುವ ಈ ಆಲೋಚನೆ ಮೂಡಿದಾಗ ಗದಗು ಇನ್ನೂ ಮುಂಬಯಿ ರಾಜ್ಯದಲ್ಲಿತ್ತೆಂಬುದನ್ನು ಮರೆಯಬಾರದು.

ಅವರ ಹೆಸರನ್ನು ಜನಮನದಲ್ಲಿ ನಿಲ್ಲಿಸಿರುವುದು ವಿಧಾನಸೌಧ. ಅದಕ್ಕೆ 1951ರ ಜುಲೈ 13ರಂದು ಅಡಿಗಲ್ಲಿಟ್ಟವರು ಪ್ರಧಾನಿ ಜವಾಹರಲಾಲ್ ನೆಹರೂ. ಆಗ ರೆಡ್ಡಿಯವರ ಸರ್ಕಾರವಿತ್ತು, ನಕ್ಷೆಯೂ ಸರಳವಾಗಿತ್ತು. ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ಆ ನಕ್ಷೆಯನ್ನು ಪೂರ್ತಿಯಾಗಿ ಬದಲಿಸಿದರು. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ, ಬೆಂಗಳೂರಿನ ಸುತ್ತಲ ಕಣಶಿಲೆಯಲ್ಲಿ, ದ್ರಾವಿಡ ಶೈಲಿಯ ಕಂಬ, ಕಮಾನು, ಗೋಪುರಗಳುಳ್ಳ 700 ಅಡಿ ಉದ್ದದ ಕಟ್ಟಡ ಮೇಲೆದ್ದಿತು. ಕಲ್ಲುಕುಟಿಗರೊಡನೆ ಸೆರೆಮನೆಯ ಕೈದಿಗಳೂ ದುಡಿದರು. ಎದುರಿಗೆ ಪಾಶ್ಚಾತ್ಯ ಶೈಲಿಯ ಕೆಂಪು ಕಟ್ಟಡ ಅಠಾರ ಕಚೇರಿ; 1868ರಲ್ಲಿ ಬ್ರಿಟಿಷ್ ಆಡಳಿತಕ್ಕಾಗಿ ನಿರ್ಮಿತವಾಗಿ ಮುಂದೆ ಉಚ್ಚ ನ್ಯಾಯಾಲಯದ ನೆಲೆಯಾದುದು. ಇಂಗ್ಲಿಷ್ ಬ್ಯಾಂಡಿನ ಬಗ್ಗೆ ಸಂವಿಧಾನ ಸಭೆಯಲ್ಲಿ ಕೊರಗಿದವರು ಬೆಂಗಳೂರಿನಲ್ಲಿ ಅದಕ್ಕೆ ಕಲ್ಲಿನಲ್ಲಿ ಉತ್ತರ ಬರೆದರೆಂದು ಇದನ್ನು ಓದಿಕೊಳ್ಳಬಹುದು. ಆದರೆ ಬಡ ರಾಜ್ಯಕ್ಕೆ ಇಷ್ಟು ದೊಡ್ಡ ಕಟ್ಟಡವೇಕೆಂಬ ಟೀಕೆ ತೀವ್ರವಾಗಿತ್ತು. ವೆಚ್ಚ ಕೋಟಿ ದಾಟಿದಂತೆ ಸ್ವಪಕ್ಷದವರೇ ಆಡಿಕೊಂಡರು. ಮುಂದೆ ವಿಚಾರಣೆಯೂ ನಡೆಯಿತು. ಮುಖಮಂಟಪದ ಮೇಲೆ ಕೆತ್ತಿಸಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯ ಅವರಿಗೆ ಶ್ರದ್ಧೆಯ ನುಡಿಯಾಗಿತ್ತು, ಟೀಕಾಕಾರರಿಗೆ ಅಣಕಕ್ಕೆ ಸಿಕ್ಕ ವಸ್ತುವಾಯಿತು.

ಅವರ ರಾಜಕೀಯ ಭವಿಷ್ಯವನ್ನು ನಿರ್ಧರಿಸಿದ್ದು ಏಕೀಕರಣದ ಪ್ರಶ್ನೆ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರ ಆತ್ಮಾರ್ಪಣೆಯಿಂದ ಆಂಧ್ರ ರಾಜ್ಯ ನಿಶ್ಚಿತವಾಯಿತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರ ಉಪವಾಸ ಮತ್ತು ಹುಬ್ಬಳ್ಳಿಯ ಗಲಭೆ ಉತ್ತರದ ಕನ್ನಡಿಗರ ಅಸಹನೆಯನ್ನು ಬಹಿರಂಗಪಡಿಸಿದವು. ಅದೇ ವರ್ಷದ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ ಜಿಲ್ಲೆಯ ಉಳಿದ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು.

ಆದರೆ ಹಳೆಯ ಮೈಸೂರಿನಲ್ಲಿ ವಿರೋಧ ಪ್ರಬಲವಾಗಿತ್ತು. ಶಿವನಸಮುದ್ರದ ವಿದ್ಯುತ್ತು, ಕೃಷ್ಣರಾಜಸಾಗರ, ಭದ್ರಾವತಿಯ ಕಾರ್ಖಾನೆಗಳಿಂದ ಮುಂದುವರಿದ ನಾಡು ಹಿಂದುಳಿದ ಪ್ರದೇಶಗಳ ಭಾರ ಹೊರಬೇಕೇ ಎಂಬುದು ಮೇಲ್ನೋಟದ ವಾದ. ಸಂಖ್ಯಾಬಲದ ಲೆಕ್ಕ ಅದರ ಒಳದನಿ: ಹಳೆಯ ಮೈಸೂರಿನಲ್ಲಿ ಒಕ್ಕಲಿಗರಿಗಿದ್ದ ಪ್ರಾಬಲ್ಯ ಏಕೀಕೃತ ರಾಜ್ಯದಲ್ಲಿ ಲಿಂಗಾಯತರ ಪಾಲಾಗುವುದೆಂಬ ಭೀತಿ. ಎರಡು ಕರ್ನಾಟಕಗಳಿರಲಿ ಎಂಬ ಸಲಹೆ ಹುಟ್ಟಿದ್ದು ಈ ಭೀತಿಯಿಂದಲೇ. ಹನುಮಂತಯ್ಯನವರ ಕ್ಷೇತ್ರ, ಸಮುದಾಯ, ಬೆಂಬಲಿಗರು ಎಲ್ಲವೂ ಈ ವಿರೋಧದ ನಡುವಿನಲ್ಲಿದ್ದವು.

ಅವರು ನಡೆದುಕೊಂಡ ಕ್ರಮದಲ್ಲಿ ವಕೀಲನ ಪದ್ಧತಿ ಕಾಣುತ್ತದೆ. ಪಕ್ಷ ಹಿಡಿಯುವ ಮೊದಲು ದಾಖಲೆ ಕಲೆಹಾಕುವ ಸಲುವಾಗಿ ಎಂ. ಶೇಷಾದ್ರಿಯವರ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿ ನೇಮಕವಾಯಿತು. ಹೊಸದಾಗಿ ಸೇರುವ ಪ್ರದೇಶಗಳ ಆದಾಯವೆಷ್ಟು, ವೆಚ್ಚವೆಷ್ಟು, ಮೈಸೂರಿನ ಮೇಲೆ ಬೀಳುವ ಹೊರೆಯೆಷ್ಟು ಎಂಬ ಲೆಕ್ಕಕ್ಕೆ ಒತ್ತು ದೊರೆಯಿತು. ಉತ್ತರದ ಏಕೀಕರಣವಾದಿಗಳಿಗೆ ಈ ಎಚ್ಚರಿಕೆ ಹಿಂಜರಿತವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ 1955ರ ಸೆಪ್ಟೆಂಬರ್ 30ರಂದು ಆಯೋಗದ ವರದಿ ಬಂದು, ಕನ್ನಡ ಪ್ರದೇಶಗಳೆಲ್ಲ ಒಂದಾಗಬೇಕೆಂಬ ಶಿಫಾರಸು ಹೊರಬಿದ್ದಾಗ ಅವರು ಏಕೀಕರಣದ ಪರವಾಗಿ ನಿಸ್ಸಂದಿಗ್ಧವಾಗಿ ನಿಂತರು. ಬಳ್ಳಾರಿಯ ಕೆಲವು ಭಾಗಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಆಯೋಗ ಸೂಚಿಸಿತ್ತು. ನಾಡಿನ ವಿರೋಧದ ಮುಂದೆ ಆ ಸೂಚನೆ ಜಾರಿಯಾಗಲಿಲ್ಲ.

ನ್ಯಾಯಾಲಯದಲ್ಲಿ ಗೆದ್ದ ವಾದಕ್ಕೆ ತೀರ್ಪಿನ ರಕ್ಷಣೆಯಿರುತ್ತದೆ. ಶಾಸಕಾಂಗ ಪಕ್ಷದಲ್ಲಿ ಅಂಥ ರಕ್ಷಣೆಯಿಲ್ಲ. ಏಕೀಕರಣ ನಿಶ್ಚಿತವಾದಂತೆ ಹನುಮಂತಯ್ಯನವರ ಬೆಂಬಲ ಎರಡೂ ಕಡೆಯಿಂದ ಕರಗಿತು. ವಿರೋಧಿಸಿದವರಿಗೆ ಅವರ ಮೇಲೆ ಮುನಿಸು. ಬರಲಿರುವ ಉತ್ತರದ ಶಾಸಕರಿಗೆ ನಿಜಲಿಂಗಪ್ಪನವರೇ ಸಹಜ ನಾಯಕರು. ಇದಕ್ಕೆ ಹನುಮಂತಯ್ಯನವರ ಸ್ವಭಾವದ ಬಿಗುವೂ ವಿಧಾನಸೌಧದ ಟೀಕೆಯೂ ಕೂಡಿಕೊಂಡವು. ಸ್ವಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್ 19ರಂದು ಅವರು ಅಧಿಕಾರ ಬಿಟ್ಟರು. ರಾಜ್ಯ ಪುನರ್ವಿಂಗಡಣಾ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ಆಗಸ್ಟ್ 31ರಂದು, ಹನ್ನೆರಡು ದಿನಗಳ ಬಳಿಕ. ಕಡಿದಾಳು ಮಂಜಪ್ಪನವರು ಅಕ್ಟೋಬರ್ ಕೊನೆಯವರೆಗೆ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ನಿಜಲಿಂಗಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ಕಟ್ಟಿಸಿದ ಸೌಧದಲ್ಲಿಯೂ ಬೆಂಬಲಿಸಿದ ರಾಜ್ಯದಲ್ಲಿಯೂ ಆಳುವ ಅವಕಾಶ ಹನುಮಂತಯ್ಯನವರಿಗೆ ಒದಗಲಿಲ್ಲ.

ಮುಂದಿನ ಜೀವನ ದೆಹಲಿಯಲ್ಲಿ ಸಾಗಿತು. 1962ರಿಂದ 1977ರವರೆಗೆ ಲೋಕಸಭೆಯ ಸದಸ್ಯರಾಗಿದ್ದರು. ಮೊರಾರ್ಜಿ ದೇಸಾಯಿಯವರ ನಂತರ 1967ರಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ಕೇಂದ್ರ ರಾಜ್ಯ ಸಂಬಂಧವೂ ಸೇರಿದಂತೆ ಆಡಳಿತದ ನಾನಾ ಮುಖಗಳ ಕುರಿತ ವರದಿಗಳನ್ನು ಹೊರತಂದರು. ದಾಖಲೆ, ವಿಚಾರಣೆ, ತರ್ಕಬದ್ಧ ಶಿಫಾರಸು ಬೇಡುವ ಈ ಕಾರ್ಯ ಅವರ ಪ್ರವೃತ್ತಿಗೆ ಒಗ್ಗುವಂಥದು. ಬಳಿಕ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಕಾನೂನು ಮತ್ತು ರೈಲ್ವೆ ಖಾತೆಗಳನ್ನು ನಿರ್ವಹಿಸಿದರು. 1977ರ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಅವರನ್ನು ಸೋಲಿಸಿದವರು ಕೆ.ಎಸ್. ಹೆಗ್ಡೆಯವರು, 1973ರಲ್ಲಿ ಸೇವಾಹಿರಿತನವನ್ನು ಕಡೆಗಣಿಸಿದ್ದನ್ನು ಪ್ರತಿಭಟಿಸಿ ಸರ್ವೋಚ್ಚ ನ್ಯಾಯಾಲಯದ ಸ್ಥಾನಕ್ಕೆ ರಾಜೀನಾಮೆಯಿತ್ತ ನ್ಯಾಯಮೂರ್ತಿ. 1980ರ ಡಿಸೆಂಬರ್ 1ರಂದು ಹನುಮಂತಯ್ಯನವರು ನಿಧನರಾದರು.

ಅವರ ಜೀವನವನ್ನು ತ್ಯಾಗದ ಕಥೆಯೆಂದಷ್ಟೇ ಹೇಳುವುದು ಸರಿಯಾಗದು. ಅಧಿಕಾರವನ್ನು ಅವರು ಬಯಸಿದರು, ಪೈಪೋಟಿಯಿಂದ ಪಡೆದರು, ಉಳಿಸಿಕೊಳ್ಳಲು ಹೆಣಗಿದರು. ಏಕೀಕರಣವನ್ನು ವಿರೋಧಿಸಿ ಹಳೆಯ ಮೈಸೂರಿನ ನಾಯಕರಾಗಿ ಉಳಿಯುವ ಸುಲಭದ ದಾರಿಯೂ ಅವರಿಗಿತ್ತು. ಸಾಕ್ಷ್ಯವನ್ನೆಲ್ಲ ಪರಿಶೀಲಿಸಿದ ಮೇಲೆ ತಮ್ಮ ಸ್ಥಾನಕ್ಕೆ ಅಪಾಯ ತರುವ ಪಕ್ಷವೇ ಸರಿಯೆಂದು ಕಂಡಾಗ ಅದನ್ನೇ ಹಿಡಿದರೆಂಬುದು ಚರಿತ್ರೆಯಲ್ಲಿ ಅವರಿಗೆ ಸಲ್ಲುವ ಗೌರವ. ಆ ನಿರ್ಧಾರದ ಲಾಭ ಬೇರೆಯವರಿಗೆ ಸಂದಿತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬರುವುದಕ್ಕೆ ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು. 1973ರ ನವೆಂಬರ್ 1ರಂದು ಆ ಹೆಸರು ಬಂದಾಗ ಹನುಮಂತಯ್ಯನವರು ಅದನ್ನು ಲೋಕಸಭೆಯ ಸದಸ್ಯರಾಗಿ ಕಂಡರು.